ಏಳು ಬಟ್ಟಲಲ್ಲಿ ಇಲ್ಲದ ವಾಸನೆ

ನಮ್ಮೂರಲ್ಲಿ ತಲೆಗೆ ಅಂತ ನುಂಗಿದ ಗುಳಿಗೆ ಕುತ್ತಿಗೆಯ ತನಕ ಬಂದು ನಿಂತುಬಿಡುತ್ತದೆ. ಮಂಡಿನೋವಿಗೆ ನುಂಗಿದ್ದು ಮಂಡಿಗೆ ಹೋಗುತ್ತದೆ, ಹೊಟ್ಟೆನೋವಿನದು ಹೊಟ್ಟೆಗೆ ಹೋಗುತ್ತದೆ, ಅದರಲ್ಲಿ ತಕರಾರಿಲ್ಲ. ತಲೆಯದು ಮಾತ್ರ ಹೆಡಕತ್ತಿನಲ್ಲಿ, ಕೂದಲು ಶುರುವಾಗುವ ಜಾಗದ ಕೆಳಗೆ, ರೂಪಾಯಿ ಅಗಲಕ್ಕೆ ತಣ್ಣಗೆ ಕೂತಿರುತ್ತದೆ. ಅಂಗೈ ಇಟ್ಟರೆ ಗೊತ್ತಾಗುತ್ತದೆ. ಕರೆಯದ ಮನೆಗೆ ಬಂದ ನೆಂಟ ಜಗಲಿಯ ಮೇಲೆ ಕೂತ ಹಾಗೆ, ಒಳಗಿನವರು ಬನ್ನಿ ಅನ್ನುವ ತನಕ ಏಳುವುದಿಲ್ಲ. ದಿನಗಟ್ಟಲೆ ಬೇಕಾದರೂ ಕೂತಿರುತ್ತದೆ.

ಬನ್ನಿ ಅನ್ನಿಸುವುದಕ್ಕೆ ಒಂದು ವಾಸನೆ ಬೇಕು. ಎಲ್ಲರಿಗೂ ಒಂದೇ ವಾಸನೆ ಆಗುವುದಿಲ್ಲ, ಒಬ್ಬೊಬ್ಬರದು ಒಂದೊಂದು. ಕೆಲವರಿಗೆ ಲವಂಗ, ಕೆಲವರಿಗೆ ಓಮ, ಕೆಲವರಿಗೆ ನಿಂಬೆಸಿಪ್ಪೆ. ಅವರವರದನ್ನು ಹತ್ತಿಗೆ ಹಚ್ಚಿ ಮೂಗಿನ ಹತ್ತಿರ ಹಿಡಿದರೆ, ಆ ಸಣ್ಣ ವಾಸನೆ ಮೊದಲು ತಾನು ನುಸುಳಿಕೊಂಡು ಹೋಗಿ ಬಾಗಿಲು ಓರೆ ಮಾಡುತ್ತದೆ, ಹಿಂದೆಯೇ ಔಷಧಿ ಹೋಗುತ್ತದೆ, ಹೆಡಕತ್ತು ಬೆಚ್ಚಗಾಗುತ್ತದೆ. ಹತ್ತು ಎಣಿಸುವಷ್ಟರಲ್ಲಿ ಬಾಗಿಲು ಮತ್ತೆ ಹಾಕಿಕೊಳ್ಳುತ್ತದೆ. ಸಾರಾಯಿಗೆ ಮಾತ್ರ ಯಾರ ಜೊತೆಯೂ ಬೇಡ, ಅದು ಸೀದಾ ಹತ್ತುತ್ತದೆ. ಕಾಫಿಯೂ ಅಷ್ಟೇ. ಬೇಕಾದ್ದಕ್ಕೆ ಕಾವಲು, ಬೇಡದ್ದಕ್ಕೆ ಹಾಸಿದ ಚಾಪೆ. ಮನುಷ್ಯನ ತಲೆಯೇ ಹಾಗೆ, ಏನು ಮಾಡುತ್ತೀರಿ.

ನಾನು ಆ ಊರಿನ ಆಸ್ಪತ್ರೆಯಲ್ಲಿ ನಲವತ್ತೊಂದು ವರ್ಷ ಕಂಪೌಂಡರ್ ಆಗಿದ್ದವನು. ಹೆಸರು ಬೋರಲಿಂಗಯ್ಯ. ನಮ್ಮಲ್ಲಿ ಔಷಧಿ ಕೊಡುವುದಕ್ಕೆ ಎರಡು ಕಿಟಕಿ. ಕುತ್ತಿಗೆಯಿಂದ ಕೆಳಗಿನವರದು ಒಂದು, ಮೇಲಿನವರದು ಒಂದು. ಮೇಲಿನ ಕಿಟಕಿಗೆ ಬಂದವರು ಕಾಯಿಲೆ ಹೇಳುವುದಕ್ಕೆ ಮೊದಲು ತಮ್ಮ ವಾಸನೆ ಹೇಳಬೇಕು. "ಏಲಕ್ಕಿ, ತಲೆನೋವು" ಅಂತ ಒಬ್ಬ. "ಪುದೀನ, ನಿದ್ದೆ ಬರಲ್ಲ" ಅಂತ ಇನ್ನೊಬ್ಬ. ನಾನು ಗುಳಿಗೆ ಕೊಟ್ಟು, ಹತ್ತಿಗೆ ಒಂದು ಹನಿ ಹಾಕಿ, ಕೈಯನ್ನು ಹೆಡಕತ್ತಿನ ಮೇಲಿಟ್ಟು ಹತ್ತು ಎಣಿಸಿ ಕಳಿಸುತ್ತಿದ್ದೆ. ಹತ್ತಿಯನ್ನು ಮಾತ್ರ ವಾಪಸ್ಸು ಕಿತ್ತುಕೊಳ್ಳುತ್ತಿದ್ದೆ. ಯಾಕೆಂದರೆ ಗಾಣದ ಕೆಂಚಪ್ಪ ಒಂದು ಸಲ ಲವಂಗದ ಹತ್ತಿಯನ್ನು ಮೂಗಿನಲ್ಲೇ ಬಿಟ್ಟುಕೊಂಡು ಮನೆಗೆ ಹೋದ. ಬಾಗಿಲು ಹಾಕಿಕೊಳ್ಳಲೇ ಇಲ್ಲ. ತಲೆನೋವಿನ ಗುಳಿಗೆಯ ಹಿಂದೆ ಅವನು ಕೆಮ್ಮಿಗೆ ಕುಡಿದದ್ದು, ಜಂತುಹುಳಕ್ಕೆ ನುಂಗಿದ್ದು ಎಲ್ಲವೂ ಮೇಲಕ್ಕೆ ನುಗ್ಗಿ, ಮೂರು ದಿನ ಎತ್ತಿನ ಜೊತೆ ರಾಜಕೀಯ ಮಾತಾಡಿದ. ಎತ್ತು ಬಡವಾಯಿತು.

ಯಾರದು ಯಾವ ವಾಸನೆ ಅಂತ ಗೊತ್ತಾಗುವುದು ಹುಟ್ಟಿದ ಹನ್ನೊಂದನೇ ದಿನ. ಸೂಲಗಿತ್ತಿ ಏಳು ಬಟ್ಟಲು ತರುತ್ತಾಳೆ. ಓಮ, ಲವಂಗ, ಏಲಕ್ಕಿ, ಪುದೀನ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ, ಕೊನೆಗೆ ಪಚ್ಚಕರ್ಪೂರ. ಒಂದೊಂದಾಗಿ ಮಗುವಿನ ಮೂಗಿನ ಹತ್ತಿರ ಹಿಡಿಯುತ್ತಾಳೆ. ಯಾವುದಕ್ಕೆ ಮಗು ಮುಷ್ಟಿ ಬಿಚ್ಚುತ್ತದೋ ಅದು ಅದರದು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಮಗು, ಸೂಲಗಿತ್ತಿ ಇಬ್ಬರೇ. ಅವಳು ಹೊರಗೆ ಬಂದು ಹೇಳಿದ್ದನ್ನು ಬಡಗಿ ಮನೆಯ ಬಾಗಿಲುವಾಡಕ್ಕೆ ಕೆತ್ತುತ್ತಾನೆ, ಹೆಸರಿನ ಪಕ್ಕದಲ್ಲಿ. ಮದುವೆಯಾಗಿ ಹೋದ ಹೆಣ್ಣಿನ ಗುರುತನ್ನು ಗಂಡನ ಮನೆಯ ಬಾಗಿಲಿಗೂ ಕೆತ್ತಿಸುತ್ತಾರೆ.

ಪಚ್ಚಕರ್ಪೂರ ಅಂದರೆ ನಮ್ಮಲ್ಲಿ ದೊಡ್ಡದು. ಬೆಲೆ ಜಾಸ್ತಿ, ಸಿಗುವುದು ಕಡಿಮೆ, ಅದಕ್ಕೇ ಅದರವರು ಸಣ್ಣಪುಟ್ಟ ತಲೆನೋವಿಗೆಲ್ಲ ಕಿಟಕಿಗೆ ಬರದೆ ಸಹಿಸಿಕೊಳ್ಳುತ್ತಿದ್ದರು. ಓಮದವರು ಓಮದವರ ಮನೆಯಲ್ಲಿ ಹೆಣ್ಣು ನೋಡುತ್ತಿದ್ದರು, ಪಚ್ಚಕರ್ಪೂರದವರು ಪಚ್ಚಕರ್ಪೂರದವರ ಮನೆಯಲ್ಲಿ. ನನ್ನದು ಪಚ್ಚಕರ್ಪೂರ. ಅದಕ್ಕೇ ಹೊನ್ನಾಜಮ್ಮನನ್ನು ಕೊಟ್ಟರು, ಇಲ್ಲದಿದ್ದರೆ ಅವರ ಮನೆಯ ಮೆಟ್ಟಿಲನ್ನೂ ನನಗೆ ಹತ್ತಿಸುತ್ತಿರಲಿಲ್ಲ. ಅವಳು ಪ್ರತಿ ಶುಕ್ರವಾರ ಬಾಗಿಲುವಾಡದ ಆ ಎರಡು ಗುರುತುಗಳಿಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದಳು. ಎದುರುಮನೆ ಜವನಮ್ಮನಿಗೆ ಕಾಣುವ ಹೊತ್ತು ನೋಡಿಕೊಂಡೇ ಒರೆಸುತ್ತಿದ್ದಳು.

ನನ್ನ ಹೆಂಡತಿಯ ಶುಚಿ ಬೇರೆ ತರಹದ್ದು. ಚಾಪೆಗೆ ಬಿಸಿನೀರು, ಮಂಚದ ಸಂದಿಗೆ ಸುಣ್ಣ, ದಿಂಬಿಗೆ ವಾರಕ್ಕೆರಡು ಸಲ ಬಿಸಿಲು. ನಾನು ಆಸ್ಪತ್ರೆಯಿಂದ ಬಂದರೆ ಹಿತ್ತಲಲ್ಲೇ ಬಟ್ಟೆ ಬಿಚ್ಚಿಸಿ ಎರಡು ತಂಬಿಗೆ ನೀರು ಸುರಿದು ಆಮೇಲೆ ಒಳಗೆ ಬಿಡುತ್ತಿದ್ದಳು. "ಊರಿನೋರ ರೋಗ ಎಲ್ಲ ಹೊತ್ಕೊಂಡು ಬಂದವ್ರೆ, ಮಹಾರಾಜ್ರು" ಅನ್ನುತ್ತಿದ್ದಳು. ಹುಟ್ಟಿದ ಐವತ್ತೆರಡು ವರ್ಷದಲ್ಲಿ ಒಂದು ದಿನ ತಲೆನೋವು ಅಂದವಳಲ್ಲ. ಅದೂ ಪಚ್ಚಕರ್ಪೂರದ ಮಹಿಮೆ ಅಂತಲೇ ನಂಬಿದ್ದಳು.

ಆ ವರ್ಷ ಹುಣಸೆಹಣ್ಣು ಬಡಿಯುವ ಕಾಲ. ಒಂದು ಸೋಮವಾರ ಅವಳಿಗೆ ಜ್ವರ ಬಂತು. ಮಧ್ಯಾಹ್ನಕ್ಕೆ ಕುತ್ತಿಗೆ ಮರದ ಹಾಗೆ ಬಿಗಿಯಿತು. ಸಂಜೆಗೆ ನನ್ನನ್ನು ನೋಡಿ "ಯಾರಪ್ಪ ನೀನು, ಪಾತ್ರೆಗೆ ಕಲಾಯಿ ಹಾಕೋನಾ?" ಅಂದಳು. ತಮಾಷೆಗೆ ಅಂದದ್ದಲ್ಲ.

ಆಸ್ಪತ್ರೆಗೆ ಆಗ ವಹೀದಾ ಅನ್ನುವ ಡಾಕ್ಟ್ರಮ್ಮ ಹೊಸದಾಗಿ ಬಂದಿದ್ದರು. ಹೊರಗಿನವರು. ನಮ್ಮೂರಿನ ಹೆಡಕತ್ತಿನ ಸಂಗತಿ ಕೇಳಿ ಮೊದಲ ದಿನವೇ ಒಂದು ನೋಟ್‌ಬುಕ್ ತೆಗೆದು ಬರೆಯುವುದಕ್ಕೆ ಶುರು ಮಾಡಿದ್ದರು. ನಾನು, ನಿಮ್ಮೂರಲ್ಲಿ ಹೀಗಿಲ್ಲವಾ ಅಂತ ಕೇಳಿದ್ದೆ. "ಎಲ್ಲ ಊರಲ್ಲೂ ತಲೆಗೆ ಬೇಲಿ ಇದ್ದೇ ಇರುತ್ತೆ, ಕಂಪೌಂಡ್ರೇ. ನಿಮ್ಮೂರಲ್ಲಿ ಅದು ಕೈಗೆ ಸಿಗುತ್ತೆ, ಅಷ್ಟೇ ವ್ಯತ್ಯಾಸ" ಅಂದಿದ್ದರು.

ಅವರು ಬಂದು ಹೊನ್ನಾಜಮ್ಮನನ್ನು ನೋಡಿದರು. ನನ್ನನ್ನು ಹೊರಗೆ ಕರೆದು ಹೇಳಿದರು. "ಜ್ವರ ಮಿದುಳಿಗೆ ಏರಿದೆ. ಗುಳಿಗೆ ಇದೆ, ಒಳ್ಳೇ ಗುಳಿಗೆ. ಆದ್ರೆ ಅದು ಮೇಲೆ ಹೋಗ್ಲೇಬೇಕು. ಶುಕ್ರವಾರದೊಳಗೆ ಹೋಗದಿದ್ರೆ ನನ್ನ ಕೈಲಿ ಏನೂ ಇಲ್ಲ."

"ಹೋಗದೆ ಏನು ಡಾಕ್ಟ್ರಮ್ಮ? ಪಚ್ಚಕರ್ಪೂರ ನಮ್ದು" ಅಂದೆ. ಆ ಹೊತ್ತಿನಲ್ಲೂ ನನಗೆ ಜಂಬ.

ಗುಳಿಗೆ ಕೊಟ್ಟೆ. ಹತ್ತಿಗೆ ಪಚ್ಚಕರ್ಪೂರ ಹಚ್ಚಿ ಹಿಡಿದೆ. ಅಂಗೈ ಇಟ್ಟು ಹತ್ತು ಎಣಿಸಿದೆ. ತಣ್ಣಗೇ ಇತ್ತು. ಇಪ್ಪತ್ತು ಎಣಿಸಿದೆ. ಎರಡನೆಯದು ಕೊಟ್ಟೆ, ಮೂರನೆಯದು ಕೊಟ್ಟೆ, ಪಚ್ಚಕರ್ಪೂರ ಹೆಚ್ಚು ಮಾಡಿದೆ. ಮನೆಯೆಲ್ಲ ಪಾಯಸದ ವಾಸನೆ ಹೊಡೆಯತೊಡಗಿತು. ಬುಧವಾರ ಬೆಳಿಗ್ಗೆ ಹೊತ್ತಿಗೆ ಆರು ಗುಳಿಗೆ ಒಂದರ ಮೇಲೊಂದು ಕೂತು ಅವಳ ಹೆಡಕತ್ತು ಹೊಸ ಮಡಕೆಯ ನೀರಿನ ಹಾಗೆ ಕೊರೆಯುತ್ತಿತ್ತು. ಮೈ ಮಾತ್ರ ಬೆಂಕಿ. ಡಾಕ್ಟ್ರಮ್ಮ, "ಇನ್ನು ಕೊಡಬೇಡಿ. ದಾರಿ ತೆರೆದಾಗ ಆರೂ ಒಟ್ಟಿಗೆ ನುಗ್ಗಿದ್ರೆ ಅದೇ ಆಪತ್ತು. ಅವರ ಗುರುತು ಸರಿಯಾಗಿದೆ ಅಂತ ನಿಮಗೆ ಗ್ಯಾರಂಟಿನಾ?" ಅಂದರು.

ನನಗೆ ಸಿಟ್ಟು ಬಂತು. ಬಾಗಿಲ ಗುರುತನ್ನು ಅನುಮಾನಿಸುವುದು ನಮ್ಮೂರಲ್ಲಿ ಹುಟ್ಟನ್ನೇ ಅನುಮಾನಿಸಿದ ಹಾಗೆ. ಆದರೆ ಸಿಟ್ಟಿನ ಹಿಂದೆಯೇ ಇನ್ನೊಂದು ನೆನಪೂ ಬಂತು. ನನ್ನ ಕಿಟಕಿಯಲ್ಲಿ ಔಷಧಿ ಹತ್ತದೆ ಸತ್ತವರು ನಾಲ್ಕು ಜನ. ಒಬ್ಬಳು ಮೂರು ವರ್ಷದ ಹುಡುಗಿ. ನಾಲ್ಕೂ ಜನ ಪಚ್ಚಕರ್ಪೂರದ ಮನೆಯವರು. ಅವರ ಕಾಲ ಬಂದಿತ್ತು ಅಂದುಕೊಂಡಿದ್ದೆವು. ಓಮದವರಲ್ಲಿ, ಲವಂಗದವರಲ್ಲಿ ಯಾಕೆ ಯಾರ ಕಾಲವೂ ಹಾಗೆ ಬರಲಿಲ್ಲ ಅಂತ ನಾನು ಅಲ್ಲಿಯ ತನಕ ಯೋಚಿಸಿಯೇ ಇರಲಿಲ್ಲ. ನಲವತ್ತು ವರ್ಷ ಕಿಟಕಿಯಲ್ಲಿ ಕೂತವನ ಬುದ್ಧಿ ಅದು.

ಹೊನ್ನಾಜಮ್ಮನ ಹತ್ತಿರ ಜವನಮ್ಮನನ್ನು ಕೂರಿಸಿ ಸೂಲಗಿತ್ತಿ ಮಾಯಿಗಮ್ಮನ ಮನೆಗೆ ಹೋದೆ. ನಮ್ಮಿಬ್ಬರಿಗೂ ಬಟ್ಟಲು ಹಿಡಿದವಳು ಅವಳೇ. ತೊಂಬತ್ತು ದಾಟಿತ್ತು. ಅಂಗಳದಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು.

"ಬಾರ್ಲಾ ಬೋರ. ಹೆಂಡ್ರಿಗೆ ಉಸಾರಿಲ್ವಂತೆ?"

"ಅಜ್ಜಿ, ಅವಳದು ಪಚ್ಚಕರ್ಪೂರ ಹೌದಾ?"

ಅವಳ ಕೈ ನಿಂತಿತು. "ಬಾಗ್ಲಲ್ಲಿ ಏನಂತ ಐತೆ?"

"ಬಾಗ್ಲಲ್ಲಿ ಇರೋದು ನನಗೂ ಗೊತ್ತು. ನೀನು ಕಂಡಿದ್ದೇನು ಅಂತ ಕೇಳ್ತಿದೀನಿ."

ಅವಳು ಒಂದು ಬೀಜವನ್ನು ದೂರಕ್ಕೆ ಎಸೆದು ಹೇಳಿದಳು. "ಏಳೂ ಹಿಡ್ದೆ ಕಣಪ್ಪ. ಮೂರು ಕಿತ ಹಿಡ್ದೆ. ಮಗ ಮುಷ್ಟಿ ಬಿಡ್ಲಿಲ್ಲ. ಅವ್ಳ ಅಪ್ಪ ಹೊರಗೆ ನಿಂತವ್ನೆ, ಬಡಗಿ ಉಳಿ ಹಿಡ್ಕೊಂಡು ನಿಂತವ್ನೆ. ಏನೂ ಇಲ್ಲ ಅಂತ ಹೆಂಗ್ ಹೇಳ್ಲಿ? ನಮ್ಮವ್ವನ ಕಾಲ್ದಲ್ಲಿ ಗುರುತಿಲ್ದ ಬರೀ ಬಾಗ್ಲು ಮಗೀನ ಯಾರೂ ಎತ್ಕತಿರ್ಲಿಲ್ಲ. ಪಚ್ಚಕರ್ಪೂರ ಅಂದ್ಬುಟ್ಟೆ."

"ಅದೇ ಯಾಕೆ?"

"ಕಮ್ಮೀದು ಹೇಳಿದ್ರೆ ಜನ ಜಗಳಕ್ಕೆ ಬತ್ತಾರೆ, ಇನ್ನೊಂದು ಕಿತ ನೋಡು ಅಂತಾರೆ. ದೊಡ್ಡದು ಹೇಳಿದ್ರೆ ಯಾರ್ ತಿರುಗಿ ನೋಡ್ತಾರೆ? ಸೀರೆ ಕೊಟ್ಟು ಕಳಿಸ್ತಾರೆ."

"ಎಷ್ಟು ಜನಕ್ಕೆ ಹಿಂಗ್ ಮಾಡಿದೀಯ?"

"ನಿಜ್ವಾದ ಪಚ್ಚಕರ್ಪೂರ ನನ್ ಕೈಲಿ ಮೂರೋ ನಾಕೋ. ಮಿಕ್ಕಿದ್ದೆಲ್ಲ..." ಕೈ ಕೊಡವಿದಳು.

"ನಂದು?"

ಅವಳು ನನ್ನ ಮುಖ ನೋಡಲಿಲ್ಲ. "ನಿಂದೂವೆ ಕಣಪ್ಪ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಚ್ಚಕರ್ಪೂರಕ್ಕೆ ಪಚ್ಚಕರ್ಪೂರ ಅಂತ ವಾಲಗ ಊದಿಸಿ ಮದುವೆ ಮಾಡಿದ್ದರು, ಎರಡು ಬರೀ ಬಾಗಿಲಿಗೆ. ಎದ್ದು ಹೊರಟಾಗ ಸತ್ತ ನಾಲ್ವರ ಹೆಸರು ಒಂದೊಂದಾಗಿ ಅವಳಿಗೆ ಹೇಳಿದೆ. ಹೇಳದೆ ಬರಬಹುದಿತ್ತು, ಬರಲಿಲ್ಲ. ಮೂರು ವರ್ಷದ ಹುಡುಗಿಯ ಹೆಸರು ಬಂದಾಗ ಮಾಯಿಗಮ್ಮ ಹುಣಸೆಹಣ್ಣಿನ ಮಂಕರಿಯನ್ನು ಪಕ್ಕಕ್ಕೆ ತಳ್ಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮನೆಗೆ ಬಂದು ಡಾಕ್ಟ್ರಮ್ಮನಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ, ಕಣ್ಣರಳಿಸಿದರು. "ಹಾಗಾದ್ರೆ ಯಾವುದಕ್ಕೂ ತೆರೆಯಲ್ಲ ಅಂತಲ್ಲ, ಆ ಏಳಕ್ಕೆ ತೆರೆಯಲ್ಲ ಅಂತ. ಎಂಟನೇದು ಯಾವುದೋ ಇರಬೇಕು. ಹುಡುಕೋಣ. ಸಣ್ಣದಾಗಿರಬೇಕು, ಗಾಳಿಗೆ ಹಾರೋದಾಗಿರಬೇಕು, ಎಣ್ಣೆ ಜಾತಿಯದಾಗಿರಬೇಕು. ಅಂಥದ್ದೇ ಬೇಲಿ ನುಸುಳೋದು."

ಅಡುಗೆಮನೆಯಿಂದ ಶುರು ಮಾಡಿದೆವು. ಶುಂಠಿ, ಮೆಣಸು, ಬೆಳ್ಳುಳ್ಳಿ, ಇಂಗು, ಜೀರಿಗೆ, ಸಾಸಿವೆ, ಜಾಕಾಯಿ. ನಾನು ಅಂಗೈ ಇಟ್ಟು ಕೂರುವುದು, ಅವರು ಹಿಡಿಯುವುದು, ಆಮೇಲೆ ಬರೆದುಕೊಳ್ಳುವುದು. ಬೀದಿಯವರಿಗೆ ಸುದ್ದಿ ಹೋಯಿತು. ಮಾಯಿಗಮ್ಮ ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಪಚ್ಚಕರ್ಪೂರದ ಜೊತೆಗೆ ಇನ್ನೊಂದು ಬೇಕಂತೆ ಅಂದಿದ್ದೆ ಅಷ್ಟೇ. ಒಬ್ಬೊಬ್ಬರು ಒಂದೊಂದು ತಂದರು. ಮರುಗ, ದವನ, ಸಂಪಿಗೆ, ತುಳಸಿ, ಬಜೆ, ಸಾಂಬ್ರಾಣಿ, ಹಲಸಿನ ಹಣ್ಣು, ಕುರಿಯ ತುಪ್ಪಟ. ಒಬ್ಬ ತನ್ನ ಹಳೇ ಚಪ್ಪಲಿ ತಂದು, "ನನ್ನ ಹೆಂಡ್ತಿಗೆ ಇದ್ರಲ್ಲಿ ಎಚ್ಚರ ಆಯ್ತದೆ" ಅಂದ. ಜವನಮ್ಮ ಅವನನ್ನು ಬೀದಿಯ ತುದಿಯ ತನಕ ಅಟ್ಟಿಸಿಕೊಂಡು ಹೋದಳು. ಬುಧವಾರ ಮುಳುಗಿತು. ಹೆಡಕತ್ತು ಹಾಗೇ ತಣ್ಣಗಿತ್ತು. ಹೊನ್ನಾಜಮ್ಮ ಕಲಾಯಿಯವನನ್ನೂ ಕೇಳುವುದು ಬಿಟ್ಟಿದ್ದಳು.

ಗುರುವಾರ ಬೆಳಿಗ್ಗೆ ಡಾಕ್ಟ್ರಮ್ಮನಿಗೆ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ನಮ್ಮ ಮನೆಯಲ್ಲಿ ಇದ್ದದ್ದು ಮಣೆ ಮಾತ್ರ. ಆಸ್ಪತ್ರೆಯಿಂದ ಅವರ ಬೆತ್ತದ ಕುರ್ಚಿಯನ್ನು ನಾನೇ ಹೊತ್ತು ತಂದೆ. ಹೊನ್ನಾಜಮ್ಮನಿಗೆ ಪ್ರಜ್ಞೆ ಇದ್ದಿದ್ದರೆ ಅದನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಡಾಕ್ಟ್ರಮ್ಮ ಅದರಲ್ಲಿ ಕೂತು ಇಂಗಳಾರ ಅನ್ನುವ ಮುಳ್ಳುಮರದ ಕಾಯಿಯ ವಾಸನೆ ಹಿಡಿದರು, ಬರೆದುಕೊಂಡರು, ನೀರು ಕುಡಿದರು. ನಾನು ಅಂಗೈ ಇಟ್ಟುಕೊಂಡು ತೂಕಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅಂಗೈಗೆ ಬೆಚ್ಚಗಾಯಿತು. ಕಾವಲಿಯ ಮೇಲೆ ಕೈ ಆಡಿಸಿದಷ್ಟು. ಎಂಟು, ಒಂಬತ್ತು, ಹತ್ತು. ಮತ್ತೆ ತಣ್ಣಗಾಯಿತು.

"ಈಗೇನು ಮಾಡಿದ್ರಿ?" ಅಂತ ಕೂಗಿದೆ.

ಡಾಕ್ಟ್ರಮ್ಮ ಬೆಚ್ಚಿಬಿದ್ದರು. "ಏನೂ ಇಲ್ಲ."

"ಏನೋ ಮಾಡಿದ್ರಿ. ಒಂದು ಹತ್ತಿತು. ನನ್ನ ಕೈಯಾಣೆ ಹತ್ತಿತು."

"ಪೆನ್ನಿನ ಕ್ಯಾಪ್ ತೆಗೆದೆ. ನೀರು ಕುಡಿದೆ."

ಪೆನ್ನಿನ ನಿಬ್ಬು, ಕ್ಯಾಪ್ ಮೂಗಿಗೆ ಹಿಡಿದೆವು. ಇಲ್ಲ. ನೀರು, ಲೋಟ. ಇಲ್ಲ. ಇಂಗಳಾರದ ಕಾಯಿ ಮತ್ತೆ. ಇಲ್ಲ. "ಇನ್ನೇನು ಮಾಡಿದ್ರಿ ತಾಯಿ, ನೆನಪು ಮಾಡ್ಕೊಳ್ಳಿ" ಅಂತ ಗೋಗರೆದೆ. ಆ ಹೆಣ್ಣುಮಗಳ ಮುಖ ಕೆಂಪಾಯಿತು. ಓದಿದವರಿಗೆ ನಾಚಿಕೆ ಜಾಸ್ತಿ.

"ತೊಡೆಗೆ ಏನೋ ಕಚ್ಚಿತು. ಕುರ್ಚಿಯ ಸಂದೀಲಿ... ಪೆನ್ನಿನ ಹಿಂಭಾಗದಲ್ಲಿ ಅರೆದೆ."

"ಏನನ್ನ?"

"ತಿಗಣೆ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಕುರ್ಚಿಯನ್ನು ಮಗುಚಿ ಹಾಕಿ ಬೆತ್ತದ ಸಂದಿಗಳಿಗೆ ಸೂಜಿ ಆಡಿಸಿದೆವು. ಒಂದು ಗಂಟೆಯ ಮೇಲೆ ಒಂದು ಸಿಕ್ಕಿತು, ದಪ್ಪಗೆ, ಕೆಂಪಗೆ. ಹತ್ತಿಯಲ್ಲಿ ಹಿಸುಕಿ ಹೊನ್ನಾಜಮ್ಮನ ಮೂಗಿನ ಹತ್ತಿರ ಹಿಡಿದೆವು. ಅಂಗೈ ಬೆಚ್ಚಗಾಯಿತು. ಹತ್ತು ಎಣಿಸಿದೆ, ತಣ್ಣಗಾಯಿತು, ಆದರೆ ಮೊದಲಿನಷ್ಟು ಇಲ್ಲ. ಆರರಲ್ಲಿ ಎರಡು ಒಳಗೆ ಹೋಗಿದ್ದವು. ಸ್ವಲ್ಪ ಹೊತ್ತಿಗೆ ಅವಳ ಬಲಗೈಯ ಬೆರಳು ಚಾಪೆಯ ಅಂಚನ್ನು ತಡಕಿದವು, ಮಣ್ಣಿದೆಯಾ ಅಂತ ನೋಡುವ ಹಾಗೆ.

"ನಾಲ್ಕು ಗಂಟೆಗೊಂದು" ಅಂದರು ಡಾಕ್ಟ್ರಮ್ಮ. "ಒಂದು ತಿಗಣೆಗೆ ಒಂದೇ ಗುಳಿಗೆ. ಎರಡು ಹಿಸುಕಬೇಡಿ, ಬಾಗಿಲು ಜಾಸ್ತಿ ಹೊತ್ತು ತೆರೆದಿರುತ್ತೆ. ಇರೋ ನಾಲ್ಕು ಹೋಗಬೇಕು, ಆಮೇಲೆ ಐದು ದಿನದ್ದು ಹೊಸದು. ಒಟ್ಟು ಮೂವತ್ತನಾಲ್ಕಾದ್ರೂ ಬೇಕು, ಅದೂ ಜೀವಂತ."

ಕುರ್ಚಿಯನ್ನು ಎಷ್ಟು ಬಡಿದರೂ ಮೂರನೆಯದು ಉದುರಲಿಲ್ಲ. ಹೋದ ವಾರವಷ್ಟೇ ಅದಕ್ಕೆ ಸೀಮೆಎಣ್ಣೆ ಹೊಯ್ದವನು ನಾನೇ. ನಮ್ಮ ಮನೆಯ ಮಾತಂತೂ ಬೇಡ. ಮೂವತ್ತು ವರ್ಷ ಅವಳು ಒಂದು ತಿಗಣೆಯನ್ನೂ ಒಳಗೆ ಬಿಟ್ಟವಳಲ್ಲ. ತನ್ನ ಜೀವ ಉಳಿಸುವುದನ್ನೇ ಬಿಸಿನೀರು ಸುರಿದು ಸುರಿದು ಕೊಂದಿದ್ದಳು.

ಬೀದಿಗೆ ಇಳಿದೆ. ಮೊದಲು ಜವನಮ್ಮನ ಮನೆ.

"ಜವನಕ್ಕ, ಒಂದೆರಡು ತಿಗಣೆ ಕೊಡು."

ಅವಳು ಸೊಂಟಕ್ಕೆ ಕೈ ಕೊಟ್ಟಳು. "ಏನಂದೆ?"

"ಹೊನ್ನಾಜಿಯ ಬಾಗಿಲು ಅದಕ್ಕೇ ತೆರೀತದೆ. ಕೈ ಮುಗೀತೀನಿ."

"ನಮ್ಮನೇಲಿ ತಿಗಣೇನಾ? ಬೋರಲಿಂಗಣ್ಣ, ನಿನ್ನ ಹೆಂಡ್ತಿ ಮಲಗವ್ಳೆ ಅಂತ ಸುಮ್ಕಿದೀನಿ. ಬೇರೆ ದಿನ ಆಗಿದ್ರೆ ಪೊರಕೆ ತಗೋತಿದ್ದೆ." ಹೇಳುತ್ತಾ ಹೇಳುತ್ತಾ ತೋಳು ತುರಿಸಿಕೊಂಡಳು.

ಅಕ್ಕಿ ಗಿರಣಿಯ ಪುಟ್ಟಮಾದಪ್ಪ, "ಅವೆಲ್ಲ ಕೆಳಗಿನ ಬೀದಿಯವರ ಮನೇಲಿ ಕೇಳಪ್ಪ" ಅಂದ. ಕೆಳಗಿನ ಬೀದಿಯವರು ಮೇಲಿನ ಬೀದಿ ತೋರಿಸಿದರು. ಹೋಟೆಲಿನವನು ನನ್ನ ಬಾಯಿ ಮುಚ್ಚಿ ಹಿಂದಿನ ಬಾಗಿಲಿಂದ ಹೊರಗೆ ಹಾಕಿದ. ಮೂವತ್ತಾರು ಮನೆ ಸುತ್ತಿದೆ. ಊರಿಗೆ ಊರೇ ರಾತ್ರಿಯೆಲ್ಲ ಪರಪರ ಕೆರೆದುಕೊಳ್ಳುವುದು ನನಗೆ ಗೊತ್ತು, ಕೆಳಗಿನ ಕಿಟಕಿಯಲ್ಲಿ ತುರಿಕೆ ಮುಲಾಮು ಕೊಟ್ಟವನು ನಾನೇ ತಾನೆ? ಒಬ್ಬರ ಬಾಯಲ್ಲೂ ಇದೆ ಅನ್ನುವ ಮಾತು ಬರಲಿಲ್ಲ. ಹೊನ್ನಾಜಮ್ಮ ಸಾಯುವುದು ಯಾರಿಗೂ ಬೇಕಿರಲಿಲ್ಲ. ತಿಗಣೆ ಇದೆ ಅಂತ ಹೇಳಿಸಿಕೊಳ್ಳುವುದು ಅದಕ್ಕಿಂತ ಬೇಡವಾಗಿತ್ತು.

ಮೂರು ಗಂಟೆಗೆ ಮೂರನೆಯ ಗುಳಿಗೆ ಹತ್ತಬೇಕಿತ್ತು. ಮೂರು ದಾಟಿತು. ನಾಲ್ಕಾಯಿತು. ಬೆಳಿಗ್ಗೆ ಅಲ್ಲಾಡಿದ್ದ ಬೆರಳು ಮತ್ತೆ ಬಿಗಿದುಕೊಂಡವು, ಹನ್ನೊಂದು ದಿನದ ಮಗುವಿನ ಮುಷ್ಟಿಯ ಹಾಗೆ. ನಾನು ಜಗಲಿಯ ಮೇಲೆ ಕೂತು ಆ ಬಾಗಿಲುವಾಡದ ಗುರುತನ್ನು ಉಗುರಲ್ಲಿ ಕೆರೆಯುತ್ತಿದ್ದೆ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕಿರಗುಟ್ಟುವ ಸದ್ದು. ತಳ್ಳುಗಾಡಿಯ ಮೇಲೆ ಒಂದು ಹಳೇ ಮರದ ಮಂಚ. ಕಾಲು ಮೇಲಾಗಿ ಮಗುಚಿ ಹಗ್ಗದಲ್ಲಿ ಬಿಗಿದಿತ್ತು. ಗಾಡಿ ತಳ್ಳುತ್ತಿದ್ದವನು ತರಕಾರಿ ಮಾರುವವನು, ಪಕ್ಕದಲ್ಲಿ ಕೋಲೂರಿಕೊಂಡು ಮಾಯಿಗಮ್ಮ. ನಮ್ಮ ಮನೆಯ ಮುಂದೆ ನಿಂತು, ಉಸಿರು ಎಳೆದುಕೊಂಡು, ಎಲ್ಲ ಬಾಗಿಲಿಗೂ ಕೇಳುವ ಹಾಗೆ ಕೂಗಿದಳು.

"ನನ್ ಮಂಚ್ದಲ್ಲಿ ತಿಗಣೆ ಅವೆ! ನಲವತ್ತು ವರ್ಸದಿಂದ ಅವೆ! ಬೋರ, ಎಷ್ಟ್ ಬೇಕೋ ಹೆಕ್ಕೋ."

ಕಿಟಕಿಗಳಲ್ಲಿ ಮುಖಗಳು ಬಂದವು.

"ಇನ್ನೂ ಒಂದು ಕೇಳ್ಕಳ್ಳಿ. ನಾನು ಪಚ್ಚಕರ್ಪೂರ ಅಂತ ಬರೆಸಿದ್ದೆಲ್ಲ ಸುಳ್ಳು. ಮೂರು ನಾಕು ಬುಟ್ಟು ಮಿಕ್ಕಿದ್ದೆಲ್ಲ ಸುಳ್ಳು. ಏಳು ಬಟ್ಲಿಗೂ ಬಿಚ್ಚದಿದ್ದ ಮಕ್ಕಳಿಗೆ ನಾನು ಕೊಟ್ಟ ಹೆಸರು ಅದು. ಬಯ್ಯೋರು ಆಮೇಲೆ ಬಯ್ರಿ, ಈಗ ಈ ಹೆಣ್ಣು ಉಳೀಲಿ."

ಯಾರೂ ಬಯ್ಯಲಿಲ್ಲ. ಮಂಚವನ್ನು ಅಂಗಳಕ್ಕೆ ಇಳಿಸಿ ಹಲಗೆಯ ಸಂದಿಗೆ ಬೆಂಕಿಕಡ್ಡಿ ಆಡಿಸಿದೆ. ಒಂದು ಹೊರಗೆ ಬಂತು. ಓಡಿ ಹೋಗಿ ಹತ್ತಿಯಲ್ಲಿ ಹಿಸುಕಿದೆ. ಅಂಗೈ ಬೆಚ್ಚಗಾಯಿತು. ಮೂರು.

ಹೊರಗೆ ಬಂದು ನೋಡುತ್ತೇನೆ, ಜವನಮ್ಮ ಸುರುಳಿ ಸುತ್ತಿದ ಚಾಪೆ ಹೊತ್ತು ನಿಂತಿದ್ದಾಳೆ. ಮುಖ ಆ ಕಡೆ. "ನಮ್ದಲ್ಲ, ನೆಂಟರು ತಂದಿದ್ದು" ಅಂತ ಚಾಪೆಯನ್ನು ಅಂಗಳಕ್ಕೆ ಎಸೆದಳು. ಆಮೇಲೆ ಗಿರಣಿಯಿಂದ ಒಂದು ದಿವಾನ ಬಂತು. ಹೋಟೆಲಿನವನು ನಾಲ್ಕು ಬೆಂಚು ಕಳಿಸಿದ. ಕೆಳಗಿನ ಬೀದಿಯಿಂದ ತೊಟ್ಟಿಲು, ಮೇಲಿನ ಬೀದಿಯಿಂದ ಹತ್ತಿಯ ಹಾಸಿಗೆ. ಒಬ್ಬೊಬ್ಬರಾಗಿ ತಂದು ಇಟ್ಟು ಇಟ್ಟು ಹೋದರು. ಹೊತ್ತು ಮುಳುಗುವುದರೊಳಗೆ ಹೊನ್ನಾಜಮ್ಮ ದಿನಕ್ಕೆರಡು ಸಲ ಸಾರಿಸುತ್ತಿದ್ದ ಅಂಗಳದಲ್ಲಿ ಕಾಲಿಡುವುದಕ್ಕೆ ಜಾಗವಿರಲಿಲ್ಲ. ಡಾಕ್ಟ್ರಮ್ಮ ಒಂದು ಗಾಜಿನ ಭರಣಿಗೆ ಹೆಕ್ಕಿ ಹಾಕಿ ಎಣಿಸಿದರು. ಎಂಬತ್ತಮೂರು. ಬರೆದುಕೊಂಡರು.

ಶುಕ್ರವಾರ ಕಳೆಯಿತು, ಶನಿವಾರ ಕಳೆಯಿತು. ನಾಲ್ಕು ಗಂಟೆಗೊಂದು, ಹೆಚ್ಚಿಲ್ಲ, ಕಡಿಮೆಯಿಲ್ಲ. ಭಾನುವಾರ ಬೆಳಿಗ್ಗೆ ಅವಳು ಕಣ್ಣು ಬಿಟ್ಟಳು. ಸೂರು ನೋಡಿದಳು, ಡಾಕ್ಟ್ರಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಉಸಿರು ಬಿಗಿಹಿಡಿದುಕೊಂಡೆ, ಎಲ್ಲಿ ಮತ್ತೆ ಕಲಾಯಿಯವನಾಗುತ್ತೇನೋ ಅಂತ. ಅವಳ ದೃಷ್ಟಿ ನನ್ನನ್ನು ದಾಟಿ ತೆರೆದ ಬಾಗಿಲಿಂದ ಅಂಗಳಕ್ಕೆ ಹೋಯಿತು.

"ರೀ" ಅಂದಳು, ಗಂಟಲಲ್ಲಿ ದನಿಯೇ ಇಲ್ಲ. "ಯಾರ್ರೀ ಈ ಹರಕು ಮಂಚ ಎಲ್ಲ ತಂದು ನನ್ನ ಅಂಗಳಕ್ಕೆ ಹಾಕಿದೋರು? ತಿಗಣೆ ಹತ್ತಲ್ವಾ?"

ಜವನಮ್ಮ ಬಾಗಿಲಲ್ಲೇ ಕುಸಿದು ಕೂತು ನಗುವುದಕ್ಕೆ ಶುರು ಮಾಡಿದಳು. ನಕ್ಕು ನಕ್ಕು ಅತ್ತಳು. ನಾನು ಹೊರಗೆ ಹೋಗಿ ಹಿತ್ತಲಲ್ಲಿ ಎರಡು ತಂಬಿಗೆ ನೀರು ತಲೆಗೆ ಸುರಿದುಕೊಂಡೆ. ಬೇರೆ ಯಾವುದಕ್ಕೂ ಅಲ್ಲ, ಕಣ್ಣೀರು ಕಾಣಬಾರದು ಅಂತ.

ಚಳಿಗಾಲ ಬಂದ ಮೇಲೆ ಇನ್ನೊಂದು ಗೊತ್ತಾಯಿತು. ಹಸೀ ಕೊತ್ತಂಬರಿ ಕಾಯಿ ಹಿಸುಕಿದರೂ ಅವಳ ಹೆಡಕತ್ತು ಬೆಚ್ಚಗಾಗುತ್ತದೆ. ಡಾಕ್ಟ್ರಮ್ಮ, ಎರಡರ ವಾಸನೆಯೂ ಒಂದೇ ಮನೆತನದ್ದು ಅಂದರು. ಬಡಗಿಯನ್ನು ಕರೆಸಿ ಹಳೆಯ ಗುರುತು ಕೀಸಿಸಿದೆವು. ನಾನು, ಕೊತ್ತಂಬರಿ ಅಂತ ಕೆತ್ತಿಸೋಣ, ನೋಡುವುದಕ್ಕೂ ಚೆಂದ ಅಂದೆ. ಹೊನ್ನಾಜಮ್ಮ ಪೊರಕೆ ಕೆಳಗಿಟ್ಟಳು. "ಸತ್ತೋಗ್ತಿದ್ದಾಗ ಕೊತ್ತಂಬರಿ ಬಂದಿತ್ತಾ? ಯಾವುದು ಬಂತೋ ಅದನ್ನ ಕೆತ್ತಯ್ಯ" ಅಂದಳು. ಈಗ ನಮ್ಮ ಬಾಗಿಲಲ್ಲಿ ಅವಳ ಹೆಸರಿನ ಪಕ್ಕ ಒಂದು ತಿಗಣೆ ಇದೆ, ಆರು ಕಾಲೂ ಇದೆ. ಶುಕ್ರವಾರ ಎಣ್ಣೆ ಹಚ್ಚಿ ಒರೆಸುತ್ತಾಳೆ. ಮನೆಯೊಳಗೆ ಮಾತ್ರ ಇವತ್ತಿಗೂ ಒಂದನ್ನೂ ಬಿಟ್ಟವಳಲ್ಲ.

ಪಚ್ಚಕರ್ಪೂರದ ಮನೆಯವರು ಒಬ್ಬೊಬ್ಬರೇ ಬಂದರು, ಮೊದಮೊದಲು ಹಿತ್ತಲಿನಿಂದ, ಆಮೇಲೆ ಮುಂದಿನ ಬಾಗಿಲಿಂದಲೇ. ಹೊನ್ನಾಜಮ್ಮ ಅವರ ಹೆಡಕತ್ತಿನ ಮೇಲೆ ಕೈ ಇಟ್ಟುಕೊಂಡು ಕೂರುತ್ತಾಳೆ. ಮಾಯಿಗಮ್ಮ ಸಾಯುವ ತನಕ ಪಕ್ಕದಲ್ಲಿ ಕೂತು ಬಟ್ಟಲು ಹಿಡಿಯುತ್ತಿದ್ದಳು, ಏಳಲ್ಲ, ನೂರಾ ಹತ್ತು ಬಟ್ಟಲು. ಪುಟ್ಟಮಾದಪ್ಪನದು ಹೊಸ ಗೋಣಿಚೀಲ ಅಂತ ಸಿಕ್ಕಿತು. ಜವನಮ್ಮನ ಮಗಳದು ಹೊಂಗೆ ಹೂವು. ಹುಟ್ಟುವ ಮಕ್ಕಳಿಗೆ ಏನೂ ಸಿಗದಿದ್ದರೆ ಈಗ ಬಾಗಿಲಲ್ಲಿ ಒಂದು ಸಣ್ಣ ಗುಂಡಿ ಕೊರೆಯುತ್ತಾರೆ, ಹುಡುಕುತ್ತಿದ್ದೇವೆ ಅಂತ ಅರ್ಥ.

ನನ್ನ ಹೆಸರಿನ ಪಕ್ಕ ಇನ್ನೂ ಆ ಗುಂಡಿಯೇ ಇದೆ. ಎಪ್ಪತ್ತೆಂಟಾಯಿತು. ಅರ್ಧ ಗುಳಿಗೆ ನುಂಗಿ, ಅದು ಕರಗಿದರೆ ಇನ್ನರ್ಧ ನುಂಗಿ, ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂರುತ್ತೇನೆ. ಹೊನ್ನಾಜಮ್ಮ ಒಂದು ಕೈ ನನ್ನ ಹೆಡಕತ್ತಿನ ಮೇಲಿಟ್ಟು ಇನ್ನೊಂದು ಕೈಯಲ್ಲಿ ಏನಾದರೂ ಹಿಡಿಯುತ್ತಾಳೆ. ನಿನ್ನೆ ಹಲ್ಲಿಯ ಮೊಟ್ಟೆ, ಇವತ್ತು ಮಳಿಗೆಯಿಂದ ತಂದ ಹೊಸ ಬೀಗ.

"ತಣ್ಣಗೇ ಐತೆ" ಅಂದಳು. ಕೈ ತೆಗೆಯಲಿಲ್ಲ. "ನಾಳೆ ಏನ್ ತರ್ಲಿ, ಹೇಳಿ."